ಮಲೆನಾಡಿನ ಹಳ್ಳದ ಗುಂಡಿಗಳು ಹಾಗೂ ಜಲಪಾತದ ಮಡುಗಳಲ್ಲಿ ಸ್ನಾನ ಮತ್ತು ಈಜು: ಪ್ರವಾಸಿಗರಿಗೆ ಮಾಹಿತಿ

ಉತ್ತರ ಕನ್ನಡದಿಂದ ಕೊಡಗಿನವರೆಗಿನ ಪಶ್ಚಿಮ ಘಟ್ಟ ಪ್ರದೇಶದಲ್ಲಿ ಹಳ್ಳ ಹೊಳೆಗಳು ಬಂಡೆಯಿಂದ ಬಂಡೆಗೆ ಇಳಿಯುವೆಡೆಗಳಲ್ಲಿ ಸಹಜವಾಗಿ ಉಂಟಾದ ಸಿಹಿನೀರಿನ ತಾಣಗಳು ಅನೇಕವಾಗಿವೆ. ಇವುಗಳನ್ನು ಗುಂಡಿ, ಹೊಂಡ, ಮಡು ಎಂದೂ, ತುಳು ಭಾಷಿಕರಲ್ಲಿ ಕಯ ಎಂದೂ ಕರೆಯುವುದು ವಾಡಿಕೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹನುಮನಗುಂಡಿ, ಕೊಲ್ಲೂರಿನ ಬಳಿಯ ಅರಶಿನಗುಂಡಿ ಮುಂತಾದ ಜಲಪಾತಗಳಿಗೆ ಬೀಳುವ ನೀರಿನಿಂದಲ್ಲದೆ ಅದರ ಬುಡದಲ್ಲಿರುವ ಗುಂಡಿಯಿಂದಲೇ ಹೆಸರು ಬಂದಿರುವುದು ಗಮನಾರ್ಹ. ಪೂರ್ವಿಕರು ಹೆಸರಿಟ್ಟಿದ್ದು ನೋಟಕ್ಕಲ್ಲ, ಆಳಕ್ಕೆ.

ರಜಾ ದಿನಗಳಲ್ಲಿ ಇಂತಹ ತಾಣಗಳಿಗೆ ಭೇಟಿ ನೀಡಲು ಅನುಮತಿ ಕೋರುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಅರ್ಜಿ ಸಲ್ಲಿಸುವ ಮುನ್ನ ಇದನ್ನು ಪೂರ್ಣವಾಗಿ ಓದಿಕೊಳ್ಳಲು ಕೋರಲಾಗಿದೆ.

ಪ್ರವೇಶ ಚೀಟಿ ಮತ್ತು ನೀರಿಗಿಳಿಯುವ ಅವಕಾಶ

ಪ್ರವಾಸಿಗರಲ್ಲಿ ಬಹುಮಂದಿ ಹೊಂದಿರುವ ತಪ್ಪು ತಿಳಿವಳಿಕೆಯೊಂದನ್ನು ಮೊದಲು ನಿವಾರಿಸುವುದು ಅಗತ್ಯ. ತನಿಖಾ ಠಾಣೆಯಲ್ಲಿ ಅಥವಾ ಪ್ರವೇಶದ್ವಾರದಲ್ಲಿ ಪಡೆಯುವ ಚೀಟಿಯು ತಾಣವನ್ನು ನೋಡಲು ನೀಡಿದ ಅನುಮತಿಯೇ ಹೊರತು ನೀರಿಗಿಳಿಯಲು ನೀಡಿದ ಅನುಮತಿಯಲ್ಲ. ಶುಲ್ಕ ಪಾವತಿಸಿದ ಮಾತ್ರಕ್ಕೆ ಆ ದಿನ ಆ ಗುಂಡಿಯು ಸುರಕ್ಷಿತವೆಂದು ಯಾರೂ ಭರವಸೆ ನೀಡಿದಂತಾಗುವುದಿಲ್ಲ. ಸ್ಥಳದಲ್ಲಿ ಕರ್ತವ್ಯದಲ್ಲಿರುವ ಸಿಬ್ಬಂದಿಯು ನೀರಿನ ಮಟ್ಟವನ್ನು ನೋಡಿ ಇಳಿಯಬಾರದೆಂದು ಸೂಚಿಸಿದಲ್ಲಿ, ಚೀಟಿ ಕೈಯಲ್ಲಿದೆ ಎಂಬ ಕಾರಣದಿಂದ ವಾದಿಸುವುದು ಸರಿಯಲ್ಲ. ಬಹುತೇಕ ತಾಣಗಳಲ್ಲಿ ಜೀವರಕ್ಷಕರು ಇರುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡತಕ್ಕದ್ದು.

ವನ್ಯಜೀವಿ ಅಭಯಾರಣ್ಯಗಳಲ್ಲಿ ಪ್ರವೇಶವು ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ಪ್ರಕರಣ 27 ಮತ್ತು 28ಕ್ಕೆ ಒಳಪಟ್ಟಿದ್ದು, ಪ್ರವಾಸೋದ್ದೇಶದ ಅನುಮತಿಯನ್ನು ಮುಖ್ಯ ವನ್ಯಜೀವಿ ಪರಿಪಾಲಕರು ನೀಡುತ್ತಾರೆ. ರಾಷ್ಟ್ರೀಯ ಉದ್ಯಾನಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಹನುಮನಗುಂಡಿಯು ರಾಷ್ಟ್ರೀಯ ಉದ್ಯಾನದೊಳಗಿದೆ. ಅರಶಿನಗುಂಡಿಯು ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದೊಳಗೆ, ಮೇಕೆದಾಟು ಕಾವೇರಿ ವನ್ಯಜೀವಿ ಅಭಯಾರಣ್ಯದೊಳಗೆ ಇವೆ. ಅನುಮತಿ ಇಲ್ಲದೆ ಹಿಂಬದಿಯ ಕಾಲುದಾರಿಗಳಿಂದ ಇಂತಹ ತಾಣಗಳನ್ನು ತಲುಪುವುದು ಅಪರಾಧವಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಾಗೆ ಹೋದವರು ಎಲ್ಲಿದ್ದಾರೆ ಎಂಬುದು ಯಾರಿಗೂ ತಿಳಿದಿರುವುದಿಲ್ಲ.

ಚಾರಣ ಮಾರ್ಗದಲ್ಲಿರುವ ತೊರೆ ಮತ್ತು ಗುಂಡಿಗಳನ್ನು ನೋಡಬಯಸುವವರು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡವಾಗಿ ಕಾದಿರಿಸಿಕೊಳ್ಳಬೇಕಾಗುತ್ತದೆ. 2024ರ ಜನವರಿಯ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಒಮ್ಮೆಲೇ ಸಾವಿರಾರು ಮಂದಿ ಬಂದುದರಿಂದ ಚಾರಣವನ್ನು ಕೆಲಕಾಲ ಸ್ಥಗಿತಗೊಳಿಸಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಈ ವ್ಯವಸ್ಥೆಯನ್ನು ಜಾರಿಗೆ ತರಲಾಯಿತು. ಶುಲ್ಕಗಳು ಹಾಗೂ ದಿನವೊಂದಕ್ಕೆ ಅನುಮತಿಸುವ ಸಂಖ್ಯೆಯು ಕಾಲಕಾಲಕ್ಕೆ ಪರಿಷ್ಕೃತಗೊಳ್ಳುವುದರಿಂದ ಅವುಗಳನ್ನು ಇಲ್ಲಿ ನಮೂದಿಸಿರುವುದಿಲ್ಲ. ಅರ್ಜಿದಾರರು ಮೂಲ ಗುರುತಿನ ಚೀಟಿಯನ್ನು ಜೊತೆಯಲ್ಲಿ ತರುವುದು ಒಳಿತು.

ಮಳೆಗಾಲದಲ್ಲಿ ಜಿಲ್ಲಾಡಳಿತವು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಪ್ರಕರಣ 163ರ ಅಡಿ ನಿರ್ಬಂಧಕಾಜ್ಞೆ ಹೊರಡಿಸಬಹುದು. (ಇದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಪ್ರಕರಣಕ್ಕೆ ಸಮನಾದುದು, 2024ರ ಜುಲೈ 1ರಿಂದ ಜಾರಿಯಲ್ಲಿದೆ.) ಆಜ್ಞೆಯು ಜಾರಿಯಲ್ಲಿರುವಾಗ ಮುಂಗಡ ಕಾದಿರಿಸಿದವರಿಗೂ ಪ್ರವೇಶ ದೊರೆಯದಿರಬಹುದು. ಆದುದರಿಂದ ಹೊರಡುವ ಹಿಂದಿನ ದಿನ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಛೇರಿಯನ್ನು ಅಥವಾ ಅರಣ್ಯ ಇಲಾಖೆಯ ಸಹಾಯವಾಣಿ 1926ನ್ನು ವಿಚಾರಿಸಿ ಖಚಿತಪಡಿಸಿಕೊಳ್ಳುವುದು ಸೂಕ್ತ.

ಗುಂಡಿ ಉಂಟಾಗುವ ಬಗೆ

ಈಜುಕೊಳವನ್ನು ಬಲ್ಲವರಿಗೆ ಗುಂಡಿಯ ಸ್ವಭಾವ ತಿಳಿದಿರುವುದಿಲ್ಲ. ಈಜುಕೊಳದ ತಳವನ್ನು ಮನುಷ್ಯರು ಕಟ್ಟಿರುತ್ತಾರೆ. ಗುಂಡಿಯ ತಳವನ್ನು ನೀರು ಕೊರೆದಿರುತ್ತದೆ. ಮೇಲಿನಿಂದ ಬೀಳುವ ಧಾರೆಯು ತನ್ನೊಡನೆ ತಂದ ಮರಳು ಮತ್ತು ಕಲ್ಲುಗಳಿಂದ ಬುಡದ ಬಂಡೆಯನ್ನು ವರ್ಷಾನುವರ್ಷ ಸವೆಸುತ್ತದೆ. ಹೀಗಾಗಿ ದಡದಿಂದ ನಾಲ್ಕು ಹೆಜ್ಜೆಯವರೆಗೆ ಮೊಣಕಾಲುದ್ದವಿರುವ ನೀರು ಐದನೆಯ ಹೆಜ್ಜೆಗೆ ಆಳು ಮುಳುಗುವಷ್ಟಾಗಬಹುದು. ಬಂಡೆಯ ಸೀಳಿನಲ್ಲಿ ಸಿಕ್ಕಿದ ಉರುಟು ಕಲ್ಲುಗಳು ಪ್ರವಾಹದಲ್ಲಿ ಸುತ್ತಿ ಸುತ್ತಿ ಬಾವಿಯಂತಹ ಕುಳಿಗಳನ್ನು ಕೊರೆಯುವುದೂ ಉಂಟು. ಕನಕಪುರ ತಾಲ್ಲೂಕಿನ ಮೇಕೆದಾಟುವಿನಲ್ಲಿ ಕಾವೇರಿಯು ಇಕ್ಕಟ್ಟಾದ ಕಲ್ಲಿನ ಕೊರಕಲಿನಲ್ಲಿ ಹರಿಯುವೆಡೆ ಇಂತಹ ಕುಳಿಗಳನ್ನು ಕಾಣಬಹುದು. ಅಲ್ಲಿ ಮೇಲ್ಮೈಯು ಶಾಂತವಾಗಿ ಕಂಡರೂ ಕೆಳಗಿನ ಸೆಳೆತ ಬೇರೆಯೇ ಆಗಿರುತ್ತದೆ.

ಧಾರೆಯ ಕೆಳಗೆ ನೊರೆಯೇಳುವ ಭಾಗವು ನೋಡಲು ಆಕರ್ಷಕವಾದುದು; ಅಪಾಯ ಅತಿ ಹೆಚ್ಚಾಗಿರುವುದೂ ಅಲ್ಲಿಯೇ. ಗಾಳಿಗುಳ್ಳೆಗಳಿಂದ ತುಂಬಿದ ನೀರು ಸಾಧಾರಣ ನೀರಿಗಿಂತ ಹಗುರವಾಗಿರುವುದರಿಂದ ದೇಹವನ್ನು ತೇಲಿಸುವ ಶಕ್ತಿ ಅದಕ್ಕೆ ಕಡಿಮೆ. ನುರಿತ ಈಜುಗಾರರೂ ಅಲ್ಲಿ ಕುಸಿಯುತ್ತಾರೆ. ಜೊತೆಗೆ ಬಿದ್ದ ನೀರು ತಳ ಮುಟ್ಟಿ ಮೇಲೆದ್ದು ಮತ್ತೆ ಧಾರೆಯ ಕಡೆಗೇ ಮರಳುವ ಸುಳಿಯು ಅಲ್ಲಿರುತ್ತದೆ. ಒಳಗೆ ಸಿಕ್ಕಿದವರನ್ನು ಅದು ಹೊರಗೆ ತಳ್ಳುವ ಬದಲು ಒಳಗೇ ತಿರುಗಿಸುತ್ತದೆ. ಧಾರೆಯ ಹಿಂಬದಿಯಲ್ಲಿ ನೀರು ಬಂಡೆಯನ್ನು ಕೊರೆದು ಉಂಟುಮಾಡಿದ ಪೊಟರೆಗಳಿದ್ದರೆ ಶೋಧ ಕಾರ್ಯವೂ ಕಷ್ಟವಾಗುತ್ತದೆ.

ಹಲವು ಊರುಗಳಲ್ಲಿ ಇಂತಿಂಥ ಮಡುವು ವರ್ಷಕ್ಕೊಂದು ಬಲಿ ಬೇಡುತ್ತದೆ ಎಂಬ ಮಾತಿದೆ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸುಲಭ. ಆದರೆ ಬಂಡೆಯ ಆಕಾರ ಬದಲಾಗದಿರುವುದರಿಂದ ಸುಳಿಯೂ ವರ್ಷ ವರ್ಷ ಅದೇ ಸ್ಥಳದಲ್ಲಿರುತ್ತದೆ, ಸಾವೂ ಅದೇ ಸ್ಥಳದಲ್ಲಿ ಸಂಭವಿಸುತ್ತದೆ. ಊರಿನವರ ಆ ಮಾತು ಒಂದು ದಾಖಲೆಯೇ ಸರಿ. ಸ್ಥಳೀಯರು ಬೇಡವೆಂದ ಗುಂಡಿಗೆ ಇಳಿಯದಿರುವುದೇ ಲೇಸು.

ಇನ್ನು ಆಳದ ಅಂದಾಜು. ತಿಳಿನೀರಿನಲ್ಲಿ ಬೆಳಕು ಬಾಗುವುದರಿಂದ, ನೇರ ಮೇಲಿನಿಂದ ನೋಡಿದರೂ ತಳವು ಇರುವುದಕ್ಕಿಂತ ಸುಮಾರು ಕಾಲುಭಾಗ ಮೇಲಕ್ಕೆ ಕಾಣುತ್ತದೆ. ಎಂಟು ಅಡಿ ಆಳವಿದ್ದರೆ ಆರು ಅಡಿಯಂತೆ ತೋರುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ನೀರು ಸ್ಫಟಿಕದಂತಿದೆ, ತಳ ಕಾಣುತ್ತಿದೆ ಎಂಬುದು ಧೈರ್ಯಕ್ಕೆ ಆಧಾರವಾಗಲಾರದು. ಮೇಲಿನ ಬಂಡೆಯಿಂದ ತಲೆ ಕೆಳಗಾಗಿ ಧುಮುಕುವುದನ್ನಂತೂ ಯಾವ ಗುಂಡಿಯಲ್ಲಿಯೂ ಮಾಡಬಾರದು. ಕಳೆದ ವರ್ಷ ಆಳವಿದ್ದ ಸ್ಥಳಕ್ಕೆ ಈ ವರ್ಷದ ನೆರೆಯು ಕಲ್ಲುಗುಂಡನ್ನೋ ಮರದ ದಿಮ್ಮಿಯನ್ನೋ ತಂದಿಟ್ಟಿರಬಹುದು.

ಭೇಟಿಗೆ ತಕ್ಕ ಕಾಲ

ಘಟ್ಟದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿ ಬೀಳುತ್ತದೆ. ಆಗುಂಬೆಯಲ್ಲಿ ವಾರ್ಷಿಕ ಸರಾಸರಿಯೇ 7,000 ಮಿ.ಮೀ.ಗಿಂತ ಹೆಚ್ಚು. ಈ ತಿಂಗಳುಗಳಲ್ಲಿ ಜಲಪಾತಗಳು ನೋಡಲು ಮಾತ್ರ ಯೋಗ್ಯ, ಅದೂ ಕಟಕಟೆಯ ಈಚೆಯಿಂದ. 2023ರ ಜುಲೈನಲ್ಲಿ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ನೀರನ್ನು ನೋಡುತ್ತಿದ್ದ ಯುವಕರೊಬ್ಬರು ಕಾಲು ಜಾರಿ ಬಿದ್ದು ಮೃತಪಟ್ಟರು. ದೇಹವು ದೊರೆತದ್ದು ಹಲವು ದಿನಗಳ ಶೋಧದ ನಂತರ. ಅವರು ಈಜಲು ಇಳಿದವರಲ್ಲ ಎಂಬುದನ್ನು ಗಮನಿಸಬೇಕು. ಪಾಚಿ ಕಟ್ಟಿದ ಒದ್ದೆ ಬಂಡೆಯ ಮೇಲೆ ಯಾವ ಪಾದರಕ್ಷೆಯೂ ನಂಬಿಕೆಗೆ ಅರ್ಹವಲ್ಲ.

ನವೆಂಬರ್‌ನಿಂದ ಫೆಬ್ರವರಿಯವರೆಗೆ ಹರಿವು ಇಳಿದು, ನೀರು ತಿಳಿಯಾಗಿ, ಕೆಲವು ಗುಂಡಿಗಳಲ್ಲಿ ಅಂಚಿನಲ್ಲಿ ಕುಳಿತು ಸ್ನಾನ ಮಾಡುವುದು ಸಾಧ್ಯವಾಗುತ್ತದೆ. ಯಲ್ಲಾಪುರ ತಾಲ್ಲೂಕಿನ ಸಾತೊಡ್ಡಿಯಂತಹ, ಹೆಚ್ಚು ಎತ್ತರವಿಲ್ಲದ ಜಲಪಾತಗಳಿಗೆ ಕುಟುಂಬಗಳು ಬರುವುದು ಈ ಕಾಲದಲ್ಲಿಯೇ. ಅಕ್ಟೋಬರ್ ತಿಂಗಳು ಸ್ವಲ್ಪ ಮೋಸದ ಕಾಲ: ಬೆಳಿಗ್ಗೆ ಬಿಸಿಲಿದ್ದು ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದು ಸಾಮಾನ್ಯ. ಏಪ್ರಿಲ್, ಮೇ ತಿಂಗಳುಗಳ ಮುಂಗಾರುಪೂರ್ವ ಮಳೆಗೂ ಇದೇ ಮಾತು ಅನ್ವಯಿಸುತ್ತದೆ. ಯಾವ ಕಾಲದಲ್ಲಾಗಲಿ ಬೆಳಗಿನ ಹೊತ್ತೇ ಉತ್ತಮ. ಕತ್ತಲಾಗುವ ಮುನ್ನ ತಾಣವನ್ನು ಬಿಡತಕ್ಕದ್ದು.

ಮೇಲಿನಿಂದ ಬರುವ ನೀರು

ಗುಂಡಿಯ ಬಳಿ ಮಳೆ ಇಲ್ಲವೆಂದರೆ ಅಪಾಯವಿಲ್ಲ ಎಂದು ಭಾವಿಸುವುದು ಅತ್ಯಂತ ದುಬಾರಿಯಾದ ತಪ್ಪು. ಹಳ್ಳದ ನೀರು ಅಲ್ಲಿ ಹುಟ್ಟುವುದಲ್ಲ. ಮೇಲಿನ ಗುಡ್ಡಗಳಲ್ಲಿ ಸುರಿದ ಮಳೆಯು ಕಡಿದಾದ ಇಳಿಜಾರಿನ ಹತ್ತಾರು ಸೀಳುಗಳಿಂದ ಒಂದೇ ಕೊರಕಲಿಗೆ ಸೇರಿ, ಸ್ನಾನ ಮಾಡುತ್ತಿರುವವರ ತಲೆಯ ಮೇಲೆ ಬಿಸಿಲು ಇರುವಾಗಲೇ ಬಂದು ತಲುಪಬಹುದು. 2024ರ ಮೇ 17ರಂದು ತಮಿಳುನಾಡಿನ ಹಳೆಯ ಕುತ್ತಾಲಂ ಜಲಪಾತದಲ್ಲಿ ದಿಢೀರನೆ ಬಂದ ನೀರಿಗೆ ಸಿಲುಕಿ 17 ವರ್ಷದ ಬಾಲಕನೊಬ್ಬ ಮೃತಪಟ್ಟನು. ಅದೇ ವರ್ಷ ಜೂನ್ 30ರಂದು ಮಹಾರಾಷ್ಟ್ರದ ಲೋಣಾವಳದಲ್ಲಿ, ಭೂಶಿ ಅಣೆಕಟ್ಟೆಯ ಸಮೀಪದ ಜಲಪಾತದ ಹರಿವಿನ ನಡುವೆ ನಿಂತಿದ್ದ ಕುಟುಂಬವೊಂದರ ಸುತ್ತ ನೀರು ಕ್ಷಣಕ್ಷಣಕ್ಕೂ ಏರಿತು. ದಡಕ್ಕೆ ಬರಲಾಗದೆ ಮಕ್ಕಳೂ ಸೇರಿದಂತೆ ಐವರು ಕೊಚ್ಚಿಹೋಗಿ ಮೃತಪಟ್ಟರು. ಇಂತಹ ಸಂದರ್ಭದಲ್ಲಿ ದಡದಲ್ಲಿದ್ದವರು ನೋಡುವುದರ ಹೊರತು ಹೆಚ್ಚೇನೂ ಮಾಡಲಾಗುವುದಿಲ್ಲ. ಹರಿವಿನ ವೇಗ ಎರಡು ಪಟ್ಟಾದರೆ ಅದು ದೇಹವನ್ನು ನೂಕುವ ಬಲವು ನಾಲ್ಕು ಪಟ್ಟಾಗುತ್ತದೆ. ಕೈ ಕೈ ಹಿಡಿದು ನಿಂತರೂ ಪ್ರಯೋಜನವಿಲ್ಲ.

ನೀರು ಬರುವ ಮುನ್ನ ಕೆಲವು ಸೂಚನೆಗಳು ದೊರೆಯುವುದುಂಟು. ತಿಳಿಯಾಗಿದ್ದ ನೀರು ಚಹಾದ ಬಣ್ಣಕ್ಕೆ ಅಥವಾ ಕೆಂಪಿಗೆ ತಿರುಗುವುದು, ಒಣಗಿದ ಎಲೆ ಕಡ್ಡಿಗಳು ಗುಂಪಾಗಿ ತೇಲಿ ಬರುವುದು, ಧಾರೆಯ ಸದ್ದು ದಪ್ಪವಾಗುವುದು ಇವುಗಳಲ್ಲಿ ಮುಖ್ಯವಾದುವು. ನೀರಿನ ಅಂಚಿನಲ್ಲಿರುವ ಒಂದು ಕಲ್ಲನ್ನು ಗುರುತಿಟ್ಟುಕೊಂಡು, ಗುಂಪಿನ ಒಬ್ಬರು ನೀರಿಗಿಳಿಯದೆ ಅದನ್ನು ಗಮನಿಸುತ್ತಿದ್ದರೆ ಏರಿಕೆ ಬೇಗ ತಿಳಿಯುತ್ತದೆ. ಈ ಸೂಚನೆಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ಎತ್ತರದ ದಡಕ್ಕೆ ಹೋಗಬೇಕು. ಚಪ್ಪಲಿ, ಚೀಲ, ದೂರವಾಣಿಗಳಿಗಾಗಿ ಮರಳಬಾರದು. ಹಳ್ಳದ ನಡುವಿನ ಬಂಡೆಯು ದಡವಲ್ಲ. ಹಳ್ಳ ದಾಟಿ ಆಚೆ ದಡದಲ್ಲಿ ಕುಳಿತವರು ನೀರು ಏರಿದಲ್ಲಿ ಮರಳಿ ದಾಟಲು ಯತ್ನಿಸದೆ ಅಲ್ಲಿಯೇ ಎತ್ತರಕ್ಕೆ ಹೋಗಿ ಕಾಯಬೇಕು. ಬಹುಮಟ್ಟಿಗೆ ಇಂತಹ ನೀರು ಏರಿದಂತೆಯೇ ಇಳಿಯುತ್ತದೆ. ಕೆಲವು ಗಂಟೆಗಳ ಚಳಿ, ಹಸಿವೆಗಳನ್ನು ಸಹಿಸಿಕೊಂಡರೆ ಪ್ರಾಣ ಉಳಿಯುತ್ತದೆ.

ಅಣೆಕಟ್ಟೆಗಳ ಕೆಳಭಾಗದ ನದೀಪಾತ್ರಗಳಲ್ಲಿ ಮಳೆಯ ಲೆಕ್ಕವೂ ನಡೆಯುವುದಿಲ್ಲ. ಕೃಷ್ಣರಾಜಸಾಗರದ ಕೆಳಗಿನ ಬಲಮುರಿಯಲ್ಲಿ, ಸೂಪಾ ಅಣೆಕಟ್ಟೆಯ ಕೆಳಗಿನ ಕಾಳಿ ನದಿಯಲ್ಲಿ ನೀರಿನ ಮಟ್ಟವನ್ನು ನಿರ್ಧರಿಸುವುದು ನೀರಾವರಿ ಅಥವಾ ವಿದ್ಯುತ್ ಉತ್ಪಾದನೆಗಾಗಿ ಬಿಡುವ ನೀರು. ಬೇಸಿಗೆಯ ನಡುಮಧ್ಯಾಹ್ನವೂ ಅದು ಏರಬಹುದು. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ, ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಸಿಲುಕಿ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಅವರು ಬಂಡೆಗಳ ಮೇಲೆ ಛಾಯಾಚಿತ್ರ ತೆಗೆದುಕೊಳ್ಳುತ್ತಿದ್ದರು. ಇಂತಹ ಸ್ಥಳಗಳಲ್ಲಿ ಎಚ್ಚರಿಕೆಯ ಫಲಕವಿದ್ದರೆ ಅದನ್ನು ಅಲಂಕಾರವೆಂದು ಭಾವಿಸದೆ, ಸೈರನ್ ಕೇಳಿಸಿದ ಕೂಡಲೇ ನದೀಪಾತ್ರವನ್ನು ಬಿಡತಕ್ಕದ್ದು.

ನೀರಿಗಿಳಿಯುವವರು ಅನುಸರಿಸಬೇಕಾದ ಕ್ರಮ

ನಿಷೇಧವಿಲ್ಲದ, ಸಿಬ್ಬಂದಿ ಮತ್ತು ಸ್ಥಳೀಯರು ಸಮ್ಮತಿಸಿದ ಗುಂಡಿಯಲ್ಲಿ ಮಾತ್ರ, ಧಾರೆಯಿಂದ ದೂರದ ಅಂಚಿನಲ್ಲಿ, ಕಾಲು ತಳಕ್ಕೆ ತಾಗುವಷ್ಟು ನೀರಿನಲ್ಲಿ ಸ್ನಾನ ಮಾಡುವುದು ಉಚಿತ. ಉದ್ದನೆಯ ಕೋಲಿನಿಂದ ತಳವನ್ನು ಮುಟ್ಟಿ ನೋಡುತ್ತ ಇಳಿಯುವ ಹಳೆಯ ಕ್ರಮ ಇಂದಿಗೂ ಒಳ್ಳೆಯದೇ. ಮದ್ಯಪಾನ ಮಾಡಿದವರು ನೀರಿನ ಬಳಿಗೂ ಹೋಗಬಾರದು. ಮಕ್ಕಳು ದೊಡ್ಡವರ ಕೈಗೆಟಕುವಷ್ಟು ಹತ್ತಿರದಲ್ಲಿರಬೇಕು. ದಡದಲ್ಲಿ ಕುಳಿತು ನೋಡಿಕೊಳ್ಳುವುದು ನೋಡಿಕೊಂಡಂತಲ್ಲ. ಸೀರೆ, ಜೀನ್ಸ್ ಮುಂತಾದ ಉಡುಪುಗಳು ನೆನೆದಾಗ ಭಾರವಾಗಿ ಕಾಲಿಗೆ ತೊಡರುತ್ತವೆ. ಹಿಂದೆ ಹಳ್ಳಿಗಳಲ್ಲಿ ಸೋರೆ ಬುರುಡೆಯನ್ನೋ ಬೆಂಡನ್ನೋ ಬೆನ್ನಿಗೆ ಕಟ್ಟಿ ಮಕ್ಕಳಿಗೆ ಈಜು ಕಲಿಸುತ್ತಿದ್ದರು. ಈಗ ಅದರ ಸ್ಥಾನದಲ್ಲಿ ಲೈಫ್ ಜಾಕೆಟ್ ಬಂದಿದೆ. ಗಾಳಿ ತುಂಬಿದ ಆಟಿಕೆಗಳು ಅದಕ್ಕೆ ಪರ್ಯಾಯವಲ್ಲ.

ಮುಳುಗುತ್ತಿರುವವರು ಕಂಡುಬಂದಲ್ಲಿ

ಒಬ್ಬರನ್ನು ಉಳಿಸಲು ಒಬ್ಬರ ಹಿಂದೊಬ್ಬರು ಇಳಿದು ಒಂದೇ ಮನೆಯ ಮೂವರು ನಾಲ್ವರು ಮೃತಪಡುವ ಪ್ರಕರಣಗಳು ಪ್ರತಿ ವರ್ಷ ವರದಿಯಾಗುತ್ತಿವೆ. ಮುಳುಗುವವರು ಯಾರೇ ಹತ್ತಿರ ಬಂದರೂ ಅವರನ್ನು ಬಿಗಿಯಾಗಿ ಹಿಡಿದು ಕೆಳಗೊತ್ತುತ್ತಾರೆ. ಅದು ಅವರ ತಪ್ಪಲ್ಲ, ದೇಹದ ಸಹಜ ಕ್ರಿಯೆ. ಆದುದರಿಂದ ಎಷ್ಟೇ ಕಷ್ಟವಾದರೂ ನೀರಿಗೆ ಹಾರಬಾರದು. ದಡದಲ್ಲಿ ಮಲಗಿ ಕೋಲು ಅಥವಾ ಮರದ ಕೊಂಬೆಯನ್ನು ಚಾಚಬೇಕು. ದೂರವಿದ್ದರೆ ಹಗ್ಗ, ಒಂದಕ್ಕೊಂದು ಗಂಟು ಹಾಕಿದ ಪಂಚೆ ಅಥವಾ ಸೀರೆ, ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಎಸೆಯಬೇಕು. ಗುಂಡಿಗೆ ಹೋಗುವಾಗ ಹತ್ತು ಮೀಟರ್ ಹಗ್ಗವೊಂದನ್ನು ಕೊಂಡೊಯ್ಯುವುದು ಊಟದ ಬುತ್ತಿಯಷ್ಟೇ ಅಗತ್ಯವೆಂದು ತಿಳಿಯಬೇಕು.

ಹೊರತೆಗೆದವರನ್ನು ತಲೆಕೆಳಗಾಗಿ ಹಿಡಿಯುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ರೂಢಿಯಲ್ಲಿದ್ದರೂ ಅದರಿಂದ ಹಾನಿಯೇ ಹೆಚ್ಚು. ಉಸಿರಾಟವಿಲ್ಲದಿದ್ದರೆ ತಡಮಾಡದೆ ಅಂಗಾತ ಮಲಗಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿ, ಮೂಗು ಮುಚ್ಚಿ ಬಾಯಿಯ ಮೂಲಕ ಮೊದಲು ಉಸಿರು ಕೊಡಬೇಕು. ಪ್ರತಿಕ್ರಿಯೆ ಇಲ್ಲದಿದ್ದಲ್ಲಿ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ವಯಸ್ಕರಲ್ಲಿ 5ರಿಂದ 6 ಸೆಂ.ಮೀ. ತಗ್ಗುವಂತೆ ಒತ್ತಬೇಕು. 30 ಬಾರಿ ಒತ್ತಿ 2 ಬಾರಿ ಉಸಿರು ಕೊಡುವ ಕ್ರಮವನ್ನು ನೆರವು ಬರುವವರೆಗೆ ಮುಂದುವರಿಸಬೇಕು. ಚೇತರಿಸಿಕೊಂಡವರನ್ನೂ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಶ್ವಾಸಕೋಶಕ್ಕೆ ನೀರು ಹೋಗಿದ್ದಲ್ಲಿ ಕೆಲವು ಗಂಟೆಗಳ ನಂತರ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು.

ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡಬೇಕು. ಅನೇಕ ಗುಂಡಿಗಳ ಬಳಿ ದೂರವಾಣಿ ಸಂಪರ್ಕ ದೊರೆಯುವುದಿಲ್ಲ. ಬರುವ ದಾರಿಯಲ್ಲಿ ಸಂಪರ್ಕವು ಕಡಿದುಹೋದ ಸ್ಥಳ ಯಾವುದು, ಹತ್ತಿರದ ಮನೆ ಯಾವುದು ಎಂಬುದನ್ನು ನೋಡಿಟ್ಟುಕೊಂಡರೆ ಆಮೇಲೆ ಓಡಬೇಕಾದ ದಿಕ್ಕು ತಿಳಿದಿರುತ್ತದೆ.

ಗುಂಡಿಯ ಜೀವಿಗಳು

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವಸ್ಥಾನದ ಮಡುವಿನ ಮೀನುಗಳನ್ನು ಜನರೇ ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿ ಮೀನು ಹಿಡಿಯುವಂತಿಲ್ಲ. ಉಳಿದ ಗುಂಡಿಗಳಿಗೂ ಅಷ್ಟೇ ಗೌರವ ಸಲ್ಲಬೇಕಾದುದು ನ್ಯಾಯ. ಘಟ್ಟದ ತೊರೆಗಳಲ್ಲಿ ಹಿಂಗಾಲನ್ನು ಬೀಸಿ ಸಂಗಾತಿಯನ್ನು ಕರೆಯುವ ಕುಣಿಯುವ ಕಪ್ಪೆಗಳಿವೆ. 2014ರಲ್ಲಿ ಈ ಗುಂಪಿನ 14 ಹೊಸ ಪ್ರಭೇದಗಳನ್ನು ವಿಜ್ಞಾನಿಗಳು ವಿವರಿಸಿದರು. ಅವು ಮೊಟ್ಟೆಯಿಡುವುದು ಮಳೆಗಾಲ ಮುಗಿದು ಹರಿವು ಇಳಿದಾಗ, ತೊರೆಯ ತಳದ ಜಲ್ಲಿಯಲ್ಲಿ. ಅಂದರೆ ಪ್ರವಾಸಿಗರು ಬರುವ ಕಾಲದಲ್ಲಿಯೇ. ಕಲ್ಲುಗಳನ್ನು ಕಿತ್ತು ಒಂದರ ಮೇಲೊಂದು ಜೋಡಿಸುವ ಆಟವು ಅವುಗಳ ಮನೆಯನ್ನು ಕೆಡಿಸುತ್ತದೆ. ಸಾಬೂನು, ಶ್ಯಾಂಪೂ, ಸೀಗೆಪುಡಿ ಯಾವುದನ್ನೂ ಹರಿಯುವ ನೀರಿನಲ್ಲಿ ಬಳಸಬಾರದು. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಬಳಕೆ ರಾಜ್ಯದಲ್ಲಿ 2016ರಿಂದಲೇ ನಿಷಿದ್ಧ. ಒಡೆದ ಬಾಟಲಿಯ ಚೂರು ಮುಂದೆ ಬರುವ ಮಗುವಿನ ಕಾಲಿಗೆ ತಾಗುತ್ತದೆ ಎಂಬುದನ್ನು ಹೇಳಬೇಕಾಗಿ ಬಂದಿರುವುದು ವಿಷಾದದ ಸಂಗತಿ.

ಹಿಂದಿರುಗಿದ ನಂತರ

ಇಲಿ ಮತ್ತು ಜಾನುವಾರುಗಳ ಮೂತ್ರ ಸೇರಿದ ನೀರಿನಿಂದ ಇಲಿ ಜ್ವರ ಹರಡುತ್ತದೆ. ಕಾಲಿನ ಸಣ್ಣ ಗಾಯವೂ ಅದಕ್ಕೆ ದಾರಿಯಾಗುತ್ತದೆ. ಮೀನಖಂಡದ ತೀವ್ರ ನೋವು, ಕಣ್ಣು ಕೆಂಪಾಗುವುದು, ಜ್ವರ ಇದರ ಲಕ್ಷಣಗಳು. ಕೇರಳದಲ್ಲಿ 2024ರಿಂದ ಹೆಚ್ಚಾಗಿ ವರದಿಯಾದ ಅಮೀಬಾ ಮಿದುಳು ಸೋಂಕಿನಲ್ಲಿ ಬೆಚ್ಚಗಿನ ನಿಂತ ನೀರು ಮೂಗಿನೊಳಗೆ ಹೋಗುವುದು ಸೋಂಕಿನ ಒಂದು ಮುಖ್ಯ ದಾರಿ. ಆದುದರಿಂದ ಬೇಸಿಗೆಯಲ್ಲಿ ಹರಿವು ನಿಂತ ಹೊಂಡಗಳಲ್ಲಿ ಮುಳುಗು ಹಾಕಬಾರದು. ಇನ್ನು ಡಿಸೆಂಬರ್‌ನಿಂದ ಮೇ ವರೆಗೆ, ಅಂದರೆ ನೀರು ಸೌಮ್ಯವಾಗಿರುವ ತಿಂಗಳುಗಳಲ್ಲಿ, ಮಲೆನಾಡಿನ ಕಾಡುದಾರಿಯಲ್ಲಿ ಉಣುಗುಗಳಿಂದ ಮಂಗನ ಕಾಯಿಲೆ ತಗಲುವ ಸಂಭವವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಇದನ್ನು ಮೊದಲು ಗುರುತಿಸಲಾಯಿತು. ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆಯು ಪೀಡಿತ ಪ್ರದೇಶಗಳಲ್ಲಿ ವಿತರಿಸುವ ಡೇಪಾ ತೈಲವನ್ನು ಲೇಪಿಸಿಕೊಂಡು ಹೋಗುವುದು, ಮರಳಿದ ಮೇಲೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯುವುದು ಸೂಕ್ತ.

ಭೇಟಿಯ ನಂತರದ ನಾಲ್ಕು ವಾರಗಳೊಳಗೆ ಜ್ವರ ಬಂದಲ್ಲಿ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಯಾವ ಕಾಡಿಗೆ, ಯಾವ ಹಳ್ಳಕ್ಕೆ, ಯಾವ ದಿನಾಂಕದಂದು ಹೋಗಿದ್ದರೆಂಬುದನ್ನು ರೋಗಿಯು ತಾವಾಗಿಯೇ ತಿಳಿಸತಕ್ಕದ್ದು.